ಹಿಡಿದರೆ ಬಿಡದ ಕೈ

ಬಸ್ಸು ಮಾಗಡಿ ನಿಲ್ದಾಣಕ್ಕೆ ಬಂದು ಎಲ್ಲರೂ ಇಳಿದಾಗಿತ್ತು. ಕಂಬಿ ಹಿಡಿದು ನಿಂತಿದ್ದವಳು ನಾನೊಬ್ಬಳೇ.

"ಮೇಡಂ, ಮಾಗಡಿ ಬಂತು, ಇಳೀರಿ," ಎಂದರು ಕಂಡಕ್ಟರ್.

"ಒಂದ್ನಿಮಿಷ ಇರಿ, ಇಳೀತೀನಿ."

"ಯಾಕ್ ಮೇಡಂ, ಕಂಬೀನೂ ಕಾಲೇಜಿಗೆ ತಗಂಡೋಯ್ತೀರಾ?"

ನಾನು ನಕ್ಕೆ. ನಗುತ್ತಲೇ ಎಡಗೈಯಿಂದ ಬಲಗೈಯ ಬೆರಳುಗಳನ್ನು ಒಂದೊಂದಾಗಿ ಕಂಬಿಯಿಂದ ಬಿಡಿಸಿಕೊಂಡೆ. ಧನುರ್ಮಾಸದ ಚಳಿ. ಬಿಡು ಎಂದು ಕೈಗೆ ಎಷ್ಟು ಹೇಳಿದರೂ ಅದು ಕೇಳುತ್ತಿರಲಿಲ್ಲ. ಕೊನೆಯ ಬೆರಳು ಬಿಟ್ಟಮೇಲೆ ಚೀಲ ಹೆಗಲಿಗೇರಿಸಿಕೊಂಡು, ಏನೂ ಆಗಿಲ್ಲದವಳಂತೆ ಇಳಿದು ನಡೆದೆ.

ನಾನು ಮಾಗಡಿಯ ಪದವಿಪೂರ್ವ ಕಾಲೇಜೊಂದರಲ್ಲಿ ಜೀವಶಾಸ್ತ್ರದ ಉಪನ್ಯಾಸಕಿ. ಮನೆ ರಾಮನಗರದಲ್ಲಿ. ಮದುವೆ ಬೇಡವೆಂದೆ, ಆಗಲಿಲ್ಲ. ಕೈಯ ಈ ಹಟ ನನಗೆ ಹೊಸದೇನೂ ಆಗಿರಲಿಲ್ಲ. ಬರೆದು ಮುಗಿಸಿದ ಮೇಲೂ ಸೀಮೆಸುಣ್ಣ ಬೆರಳಲ್ಲೇ ಉಳಿಯುತ್ತಿತ್ತು. ಡಬ್ಬಿಯ ಮುಚ್ಚಳ ತಿರುಗಿಸಿದರೆ ಮುಚ್ಚಳದ ಜೊತೆ ಕೈಯೂ ನಿಂತುಬಿಡುತ್ತಿತ್ತು. ನಾಲ್ಕಾರು ಸಲ ಮುಷ್ಟಿ ಹಿಡಿದು ಬಿಟ್ಟು ಮಾಡಿದರೆ ಒಸಿ ಸಡಿಲವಾಗುತ್ತಿತ್ತು. ಹಾಗಾಗಿ ತರಗತಿಯ ಬಾಗಿಲ ಹೊರಗೆ ನಿಂತು ಅದನ್ನು ಮಾಡಿಕೊಂಡೇ ಒಳಗೆ ಹೋಗುತ್ತಿದ್ದೆ. ಮನೆ ಹತ್ತಿರದ ಡಾಕ್ಟರು ನರಗಳ ವೀಕ್‌ನೆಸ್ ಎಂದು ವಿಟಮಿನ್ ಇಂಜೆಕ್ಷನ್ ಚುಚ್ಚಿದರು. ಎಲ್ಲರಿಗೂ ಏನಾದರೊಂದು ಇರುತ್ತದೆ, ನನಗೆ ಇದು ಎಂದುಕೊಂಡು ಸುಮ್ಮನಿದ್ದೆ.

ಕಾಯಿಲೆ ಸಿಕ್ಕಿಬಿದ್ದದ್ದು ಕೈಯಲ್ಲಲ್ಲ, ಕಣ್ಣಲ್ಲಿ. ಸಂಜೆ ಬಸ್ಸಿನಲ್ಲಿ ಎದುರು ಬರುವ ಗಾಡಿಗಳ ದೀಪ ಒಡೆದು ಚೆಲ್ಲಾಡಿದಂತೆ ಕಾಣತೊಡಗಿತು. ರಾಮನಗರದ ಕಣ್ಣಿನ ಡಾಕ್ಟರು ಯಂತ್ರದ ಮೇಲೆ ಗಲ್ಲ ಇಡಿಸಿ ಬಹಳ ಹೊತ್ತು ನೋಡಿದರು.

"ಪೊರೆ ಬಂದಿದೆ. ನಿಮ್ಮ ವಯಸ್ಸಿಗೆ ಇದು ಬರೋ ಹಾಗಿಲ್ಲ. ಅದರಲ್ಲೂ ಬಣ್ಣಬಣ್ಣದ ಚುಕ್ಕೆ ಕಾಣ್ತಾ ಇದೆ. ಮನೇಲಿ ಯಾರಿಗಾದರೂ ಬೇಗ ಪೊರೆ ಬಂದಿತ್ತಾ?"

"ಅಪ್ಪನಿಗೆ ಬಂದಿತ್ತು," ಎಂದೆ.

"ಸರಿ, ಹಿಂದಕ್ಕೆ ಒರಗಿ."

ಒರಗಲಾಗಲಿಲ್ಲ. ಯಂತ್ರದ ಹಿಡಿಯನ್ನು ಕೈ ಬಿಟ್ಟಿರಲಿಲ್ಲ. ನಾನು ಬೆರಳು ಬಿಡಿಸಿಕೊಳ್ಳುವವರೆಗೂ ಅವರು ಆ ಕೈಯನ್ನೇ ನೋಡುತ್ತಿದ್ದರು. ಪೊರೆ ಆಮೇಲೆ ತೆಗೆಯೋಣ, ಮೊದಲು ಬೆಂಗಳೂರಿಗೆ ಹೋಗಿ ನರರೋಗ ತಜ್ಞರಿಗೆ ತೋರಿಸಿ ಎಂದು ಚೀಟಿ ಬರೆದುಕೊಟ್ಟರು.

ಬೆಂಗಳೂರಿನ ದೊಡ್ಡಾಸ್ಪತ್ರೆಯ ಬೆಂಚುಗಳ ಮೇಲೆ ಕಳೆದ ದಿನಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಅಲ್ಲಿ ಯಾರೂ ಯಾರನ್ನೂ ವಿಚಿತ್ರವಾಗಿ ನೋಡುವುದಿಲ್ಲ. ಒಂದು ಮಧ್ಯಾಹ್ನ ನಾನು ಊಟದ ಡಬ್ಬಿಯ ಜೊತೆ ಹೆಣಗುತ್ತಿದ್ದೆ. ಪಕ್ಕದಲ್ಲಿ ಕೂತಿದ್ದ, ಗುರುತು ಪರಿಚಯವಿಲ್ಲದ ಹೆಂಗಸು ಡಬ್ಬಿಯನ್ನು ನನ್ನ ಕೈಯಿಂದ ತೆಗೆದುಕೊಂಡು, ಮುಚ್ಚಳ ಬಿಚ್ಚಿ, ಮತ್ತೆ ನನ್ನ ಮಡಿಲಲ್ಲಿಟ್ಟಳು. ಏನಾಗಿದೆ ಎಂದು ಕೇಳಲಿಲ್ಲ. ನಾನು ನೀಡಿದ ಚಿತ್ರಾನ್ನವನ್ನು ಬೇಡವೆನ್ನಲೂ ಇಲ್ಲ. ಎಷ್ಟೋ ಸಾಂತ್ವನದ ಮಾತುಗಳು ಮರೆತುಹೋಗಿವೆ, ಆ ಹೆಂಗಸನ್ನು ಮರೆತಿಲ್ಲ.

ಕೈಯ ಸ್ನಾಯುವಿಗೆ ಸೂಜಿ ಚುಚ್ಚಿ ಅದರ ವಿದ್ಯುತ್ತನ್ನು ಸದ್ದಾಗಿ ಕೇಳಿಸುವ ಪರೀಕ್ಷೆಯೊಂದಿದೆ. ಸ್ಪೀಕರಿನಿಂದ ಬಂದದ್ದು ದೂರದಿಂದ ಮೋಟರ್ ಬೈಕು ಬಂದು, ಜೋರಾಗಿ, ಮತ್ತೆ ದೂರ ಹೋದಂಥ ಸದ್ದು. ಪರೀಕ್ಷೆ ಮಾಡುತ್ತಿದ್ದ ಹುಡುಗಿ ಒಳಗಿದ್ದವರನ್ನೆಲ್ಲ ಕರೆದು ಅದನ್ನು ಕೇಳಿಸಿದಳು. ಆಗಲೇ ನನಗೆ ಗೊತ್ತಾಯಿತು, ಇದು ವಿಟಮಿನ್ನಿನ ಮಾತಲ್ಲ. ರಕ್ತ ತೆಗೆದು ಜೀನಿನ ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬರುವಷ್ಟರಲ್ಲಿ ಚಳಿ ಹೋಗಿ ಬಿಸಿಲು ಬಂದಿತ್ತು.

ಫಲಿತಾಂಶ ಹೇಳಿದ್ದು ನನ್ನ ಹಳೆಯ ವಿದ್ಯಾರ್ಥಿನಿಯರ ವಯಸ್ಸಿನ ಡಾಕ್ಟರು. ಕಾಯಿಲೆಯ ಹೆಸರು ಮಯೋಟೋನಿಕ್ ಡಿಸ್ಟ್ರೋಫಿ. ಒಂದು ಹಾಳೆ ತೆಗೆದು ಚಿತ್ರ ಬರೆಯುತ್ತಾ ಹೇಳಿದರು: "ಒಂದು ಜೀನಿನ ಕೊನೇಲಿ ಮೂರಕ್ಷರದ ಒಂದು ತುಣುಕು ಇರಬೇಕಾದ್ದಕ್ಕಿಂತ ತುಂಬಾ ಹೆಚ್ಚು ಸಲ ಬಂದಿದೆ. ಅದರಿಂದ ನಕಲಾದ ಆರ್‌ಎನ್‌ಎ ಜೀವಕೋಶದ ನ್ಯೂಕ್ಲಿಯಸ್‌ನಿಂದ ಆಚೆ ಬರದೆ ಮುದ್ದೆಯಾಗಿ ಅಲ್ಲೇ ಕೂತುಬಿಡುತ್ತೆ. ಬೇರೆ ಆರ್‌ಎನ್‌ಎಗಳನ್ನ ಸರಿಯಾಗಿ ಕತ್ತರಿಸಿ ಜೋಡಿಸೋಕೆ ಒಂದು ಪ್ರೋಟೀನ್ ಬೇಕಲ್ಲ, ಅದು ಈ ಮುದ್ದೆಗೆ ಅಂಟಿಕೊಂಡು ಕೆಲಸಕ್ಕೆ ಸಿಗಲ್ಲ. ಆಗ ಸ್ನಾಯುವಿಗೆ ಹೋಗೋ ಸಂದೇಶ ತಪ್ಪಾಗಿ ಜೋಡಣೆ ಆಗುತ್ತೆ. ಹೊಟ್ಟೇಲಿರೋ ಮಗುವಿಗೆ ಸಾಕು, ದೊಡ್ಡವರಿಗೆ ಸಾಲದು, ಅಂಥ ಸಂದೇಶ."

"ಸ್ಪ್ಲೈಸಿಂಗ್ ತಪ್ಪೋದು," ಎಂದೆ.

ಅವರು ತಲೆಯೆತ್ತಿದರು. "ನಿಮಗೆ ಗೊತ್ತಾ?"

"ಪ್ರತಿ ವರ್ಷ ಪಾಠ ಮಾಡ್ತೀನಿ. ಐದು ಅಂಕದ ಪ್ರಶ್ನೆ."

ಬೇಡದ ತುಣುಕಾದ ಇಂಟ್ರಾನ್ ಕತ್ತರಿಸುವುದು, ಬೇಕಾದ ತುಣುಕಾದ ಎಕ್ಸಾನ್ ಜೋಡಿಸುವುದು. ಬೋರ್ಡಿನ ಮೇಲೆ ಎರಡು ಬಣ್ಣದ ಸೀಮೆಸುಣ್ಣದಲ್ಲಿ ಎಷ್ಟು ಅಚ್ಚುಕಟ್ಟಾಗಿ ಬರೆಯುತ್ತಿದ್ದೆ! ಆ ಚಿತ್ರ ಬರೆಯುತ್ತಿದ್ದ ಕೈಯೊಳಗೇ ಅದು ಹದಗೆಟ್ಟಿತ್ತು. ಅಳು ಬರಲಿಲ್ಲ. ಸಿಟ್ಟು ಬಂತು. ಅಷ್ಟು ವರ್ಷ ಮಕ್ಕಳಿಂದ ಬಾಯಿಪಾಠ ಮಾಡಿಸಿದ ಸಂಗತಿಯೊಂದು ನನ್ನ ಬೆನ್ನ ಹಿಂದೆ ನನಗೇ ಹೀಗೆ ಮಾಡಿತಲ್ಲ ಎಂಬ ಸಿಟ್ಟು.

ಡಾಕ್ಟರು ಪೆನ್ನು ಕೆಳಗಿಟ್ಟರು. "ಮೇಡಂ, ಇದರಲ್ಲಿ ಕೈಗಿಂತ ಹೃದಯ ಮುಖ್ಯ. ಹೃದಯದ ಬಡಿತ ಸಾಗೋ ದಾರಿ ಯಾವುದೇ ಮುನ್ಸೂಚನೆ ಇಲ್ಲದೆ ಕಟ್ಟಾಗಬಹುದು. ಹೆತ್ತವರಲ್ಲಿ ಒಬ್ಬರಿಗಿದ್ದರೆ ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ. ನಿಮಗೆ ಅಣ್ಣ ತಮ್ಮಂದಿರು ಇದ್ದಾರಾ?"

ಇದ್ದ. ಒಬ್ಬ ತಮ್ಮ, ಲೋಕೇಶ.

ನಮ್ಮಪ್ಪ ತೀರಿಕೊಂಡದ್ದು ಗದ್ದೆಯ ಬದುವಿನ ಮೇಲೆ, ನಡೆಯುತ್ತಾ ನಡೆಯುತ್ತಾ. ಐವತ್ತೂ ಆಗಿರಲಿಲ್ಲ. ಊರವರು ಹಾರ್ಟ್ ಅಟ್ಯಾಕ್ ಎಂದರು. ಕೆಲವರು ಗಾಳಿ ಸೋಕಿತು ಎಂದರು. ಬೆಂಗಳೂರಿನಿಂದ ವಾಪಸು ಬರುವ ರೈಲಿನಲ್ಲಿ ನಾನು ನನ್ನ ಬಗ್ಗೆ ಯೋಚಿಸಲೇ ಇಲ್ಲ. ರೆಪ್ಪೆ ಇಳಿಬೀಳುವುದು, ತೂಕಡಿಕೆ ಇವೂ ಇದರ ಲಕ್ಷಣ ಎಂದಿದ್ದರು ಡಾಕ್ಟರು; ಲೋಕೇಶನ ಅರೆಮುಚ್ಚಿದ ಕಣ್ಣು ನೆನಪಾಯಿತು. ಕೂತಲ್ಲೇ ತೂಕಡಿಸುವವನು ಎಂದು ನಾವೆಲ್ಲ ಅವನನ್ನು ಹಾಸ್ಯ ಮಾಡುತ್ತಿದ್ದೆವು. ಹಾರೋಹಳ್ಳಿಯ ಕಾರ್ಖಾನೆಯಲ್ಲಿ ಅವನು ಪ್ರೆಸ್ ಮೆಷಿನ್ನಿನ ಮುಂದೆ ನಿಲ್ಲುವ ಕೆಲಸದಲ್ಲಿದ್ದ.

ಮುಂದಿನ ಭಾನುವಾರವೇ ಬೈರಮಂಗಲದ ಹತ್ತಿರದ ನಮ್ಮ ಊರಿಗೆ ಹೋದೆ. ಅವ್ವ ಜಗಲಿಯಲ್ಲಿ ಕೂತು ಹುರುಳಿ ಹಸನು ಮಾಡುತ್ತಿದ್ದಳು. ಲೋಕೇಶ, ಅವನ ಹೆಂಡತಿ ಸವಿತ ಇಬ್ಬರನ್ನೂ ಕೂರಿಸಿಕೊಂಡು ಎಲ್ಲವನ್ನೂ ಹೇಳಿದೆ. ಅವರ ಮಗಳು ಚಂದನ ಬಾಗಿಲಿಗೆ ಒರಗಿ ಕೇಳುತ್ತಿದ್ದಳು. ಅವಳು ಬಿ.ಕಾಂ. ಮುಗಿಸಿ ಬಿಡದಿಯ ಒಂದು ಆಫೀಸಿನಲ್ಲಿ ಕೆಲಸಕ್ಕೆ ಸೇರಿದ್ದಳು.

"ಅಕ್ಕ, ನೀನು ಓದಿರೋಳು. ನಿಂಗೆ ಬಂದೈತೆ ಅಂತ ಎಲ್ರಿಗೂ ಐತೆ ಅನ್ಬ್ಯಾಡ," ಎಂದ ಲೋಕೇಶ.

"ಎಲ್ರಿಗೂ ಅಂತಿಲ್ಲ. ನೀನು ಗಟ್ಟಿಯಾಗಿ ಮುಷ್ಟಿ ಹಿಡಿ. ನಾನು ಹೇಳಿದ ತಕ್ಷಣ ಬಿಡು."

ಅವನು ಕೈಗಳೆರಡನ್ನೂ ಪ್ಯಾಂಟಿನ ಜೇಬಿಗೆ ಹಾಕಿಕೊಂಡ.

"ನಂಗೇನೂ ಆಗಿಲ್ಲ."

"ಏನೂ ಆಗಿಲ್ವಾ?" ಸವಿತ ತಟ್ಟನೆ ಹೇಳಿದಳು. "ಮೊನ್ನೆ ಬಚ್ಚಲಲ್ಲಿ ಕಣ್ ಕತ್ಲೆ ಬಂದು ಕೂತ್ಬುಟ್ಟಿದ್ರಲ್ಲ, ಅದೇನು?"

"ನೀನ್ ಸುಮ್ಕಿರು." ಅವನು ಎದ್ದು ನಿಂತ. "ಚಂದನಂಗೆ ಗಂಡು ನೋಡ್ತಾ ಇವಿ. ಈ ಸುದ್ದಿ ಹೊರಗೋದ್ರೆ ಯಾವನ್ ಬತ್ತಾನೆ ಈ ಮನೆಗೆ? ನಿಂಗೇನಕ್ಕ, ಗಂಡಿಲ್ಲ, ಮಕ್ಕಳಿಲ್ಲ. ಊರ್ ತುಂಬ ಸಾರ್ಕಂಡ್ ತಿರುಗ್ತೀಯ."

ಆ ಮಾತು ಎದೆಗೆ ನಾಟಿತು. ಕಾಯಿಲೆಯ ಹೆಸರು ಕೇಳಿದಾಗಲೂ ಅಷ್ಟು ನೋವಾಗಿರಲಿಲ್ಲ. ಎದ್ದು ಬಂದುಬಿಡಬಹುದಿತ್ತು. ಆದರೆ ಬೈಸಿಕೊಂಡೆನೆಂದು ನಾನು ಎದ್ದು ಹೋದರೆ ಸಾಯುವವನು ಅವನು. ಹಾಗಾಗಿ ಜಗಲಿ ಬಿಟ್ಟು ಏಳಲಿಲ್ಲ.

"ಹೌದು ಕಣೋ, ನಂಗೆ ಯಾರೂ ಇಲ್ಲ. ಇರೋನು ನೀನೊಬ್ಬ. ಅದಕ್ಕೇ ಬಂದಿರೋದು," ಎಂದೆ.

"ಸಾಕ್ ಸುಮ್ಕಿರವ್ವ ಸುಜಾತ," ಎಂದಳು ಅವ್ವ ಮೊರದಿಂದ ಕಣ್ಣೆತ್ತದೆ. "ಮನೆ ಮಾತು ಬೀದಿಗ್ ಯಾಕೆ?"

"ಅವ್ವ, ಇದು ಅಪ್ಪನಿಗಿತ್ತು. ಅಪ್ಪ ಹೋಗಿದ್ದು ಇದರಿಂದಲೇ ಇರಬೇಕು ಅಂದ್ರು ಡಾಕ್ಟ್ರು. ಅಪ್ಪನಿಂದ ನಂಗೆ ಬಂದೈತೆ."

ಅವ್ವನ ಕೈ ನಿಂತಿತು. ಆಮೇಲೆ ಯಾರಿಗೂ ಅಲ್ಲವೆಂಬಂತೆ ಹೇಳತೊಡಗಿದಳು.

"ಚಳಿಗಾಲದಾಗೆ ಗುದ್ಲಿ ಹಿಡುದ್ರೆ ಕೈ ಬತ್ತಿರ್ಲಿಲ್ಲ ಅವರ್ಗೆ. ಹಿತ್ಲಿಗೆ ಬಂದು ನಿಂತ್ಕಳರು. ನಾನು ಬಿಸ್ನೀರ್ ಉಯ್ದು ಒಂದೊಂದೇ ಬೆಳ್ಳು ಬಿಡಿಸ್ತಿದ್ದೆ. ಯಾರ್ಗೂ ಯೋಳ್ಬ್ಯಾಡ ಕಣೆ, ಗಂಡಸು ನಗೆಪಾಟ್ಲಾಯ್ತೀನಿ ಅನ್ನರು. ನಾನು ಯೋಳ್ನಿಲ್ಲ. ಅವರು ಹೋದ್ಮೇಲೂ ಯೋಳ್ನಿಲ್ಲ." ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ನಿಮ್ಮಜ್ಜಿ, ನಿಮ್ಮ ದೊಡ್ಡಪ್ಪ ಎಲ್ಲಾ ನನ್ ಕಾಲ್ಗುಣ ಅಂದ್ರು. ಇವಳು ಬಂದು ಗಂಡುನ್ನ ತಿಂದ್ಕಂಡ್ಳು ಅಂದ್ರು. ನಂದಲ್ವಾ ಹಂಗಾದ್ರೆ?"

"ಅಲ್ಲ ಕಣವ್ವ. ನಿಂದೂ ಅಲ್ಲ, ಅಪ್ಪಂದೂ ಅಲ್ಲ. ಯಾರ ತಪ್ಪೂ ಅಲ್ಲ."

ಅಷ್ಟು ವರ್ಷ ಆ ಮಾತನ್ನು ಹೊತ್ತುಕೊಂಡೇ ಅವಳು ನಮಗೆ ಮುದ್ದೆ ತಿರುವಿ ಹಾಕಿದ್ದಳು, ಶಾಲೆಗೆ ಕಳಿಸಿದ್ದಳು. ನಮಗೆ ಗೊತ್ತೇ ಇರಲಿಲ್ಲ. ಮೊರವನ್ನು ಪಕ್ಕಕ್ಕೆ ಸರಿಸಿ ಅವ್ವ ಮಗನ ಕಡೆ ತಿರುಗಿದಳು.

"ನಾಳೀಕೆ ಅಕ್ಕನ್ ಜೊತೇಲಿ ಆಸ್ಪತ್ರೆಗೋಗು."

"ರಜ ಇಲ್ಲ ಕಣವ್ವ."

"ರಜ ಇಲ್ದಿದ್ರೆ ಕೆಲ್ಸ ಬುಟ್ಬುಡ್ಲಾ! ನಿಮ್ಮಪ್ಪುನ್ನ ಮುಚ್ಚಿಟ್ಟೂ ಮುಚ್ಚಿಟ್ಟೂ ಕಳ್ಕಂಡೆ. ಇನ್ನೊಬ್ರುನ್ನ ಮುಚ್ಚಿಡಕ್ಕೆ ನನ್ ಕೈಲಾಗಕಿಲ್ಲ."

ಲೋಕೇಶ ಜೇಬಿನಿಂದ ಕೈ ತೆಗೆದ. ಮುಷ್ಟಿ ಹಿಡಿದ. ಬಿಡು ಎಂದೆ. ಅವನ ಬೆರಳುಗಳು ನಿಧಾನಕ್ಕೆ, ಬಲು ನಿಧಾನಕ್ಕೆ ಬಿಚ್ಚಿಕೊಂಡವು. ಬಾಗಿಲಲ್ಲಿ ನಿಂತಿದ್ದ ಚಂದನ ಒಳಗೆ ಹೋದಳು.

ಆಸ್ಪತ್ರೆಯಲ್ಲಿ ಅವನ ಇಸಿಜಿ ತೆಗೆದರು. ಎದೆಗೆ ಪುಟ್ಟ ಯಂತ್ರ ಅಂಟಿಸಿ ಒಂದು ಹಗಲು ಒಂದು ರಾತ್ರಿಯ ಬಡಿತ ದಾಖಲಿಸಿದರು. ಮಾರನೆಯ ದಿನ ಅದನ್ನು ನೋಡಿದ ಹೃದಯದ ಡಾಕ್ಟರು, "ಇವರನ್ನ ಮನೆಗೆ ಕಳಿಸೋದಿಲ್ಲ. ಪೇಸ್‌ಮೇಕರ್ ಹಾಕಬೇಕು," ಎಂದರು. "ಇನ್ನೂ ತಡ ಆಗಿದ್ದಿದ್ರೆ..." ಎಂದು ಶುರುಮಾಡಿದವರು ಸವಿತಳ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದರು.

ಒಳಗೆ ಕರೆಯುವ ಮುನ್ನ ನಾವಿಬ್ಬರೂ ಕಾರಿಡಾರಿನ ಬೆಂಚಿನಲ್ಲಿ ಕೂತಿದ್ದೆವು. ಲೋಕೇಶ ಸಣ್ಣವನಿದ್ದಾಗ ಕತ್ತಲೆಗೆ ಹೆದರಿ ಹಿಡಿಯುತ್ತಿದ್ದಂತೆ ನನ್ನ ಕೈ ಹಿಡಿದುಕೊಂಡ. ನಾನೂ ಗಟ್ಟಿಯಾಗಿ ಹಿಡಿದೆ. ಅಷ್ಟರಲ್ಲಿ ನರ್ಸ್ ಬಂದು ಅವನ ಹೆಸರು ಕೂಗಿದರು.

"ಅಕ್ಕ, ಬುಡು."

"ನೀನ್ ಬುಡೋ."

ಇಬ್ಬರಿಗೂ ಬಿಡಲಾಗಲಿಲ್ಲ. ನರ್ಸ್ ಸೊಂಟದ ಮೇಲೆ ಕೈಯಿಟ್ಟುಕೊಂಡು, "ಆಮೇಲ್ ಮಾತಾಡ್ಕೊಳ್ಳಿ, ಈಗ ಕಳಿಸಿ ಅವರನ್ನ," ಎಂದರು. ನನಗೆ ಮೊದಲು ನಗು ಬಂತು. ಆಮೇಲೆ ಅವನಿಗೂ ಬಂತು. ನಕ್ಕಷ್ಟೂ ಕೈ ಇನ್ನಷ್ಟು ಬಿಗಿಯಿತು. ಕೊನೆಗೆ ಸವಿತ ಬಂದು, ನಗುವುದೋ ಅಳುವುದೋ ತಿಳಿಯದೆ, ನಮ್ಮಿಬ್ಬರ ಬೆರಳುಗಳನ್ನು ಬಿಡಿಸಿದಳು. ಆಪರೇಷನ್ ಕೋಣೆಗೆ ನಗುತ್ತಲೇ ಹೋದವನನ್ನು ನಾನು ಬೇರೆಲ್ಲೂ ನೋಡಿಲ್ಲ.

ಒಂದು ವಿಷಯವನ್ನು ಇಲ್ಲಿ ಒತ್ತಿ ಹೇಳಬೇಕು. ಈ ಕಾಯಿಲೆಯವರಿಗೆ ಕೆಲವು ಅರಿವಳಿಕೆ ಮದ್ದುಗಳು ಅಪಾಯ. ಅವನ ಆಪರೇಷನ್ನಿಗೂ, ಆಮೇಲೆ ನಡೆದ ನನ್ನ ಕಣ್ಣಿನ ಆಪರೇಷನ್ನಿಗೂ ಮೊದಲು, ಕೇಳಲಿ ಬಿಡಲಿ, ಎದುರಿಗೆ ಸಿಕ್ಕ ಪ್ರತಿಯೊಬ್ಬರಿಗೂ ಕಾಯಿಲೆಯ ಹೆಸರು ಹೇಳಿದೆ. "ಗೊತ್ತಾಯ್ತು ಮೇಡಂ, ಆಗಲೇ ಹೇಳಿದ್ರಿ," ಎಂದು ಗದರಿದವರಿಗೂ ಮತ್ತೊಮ್ಮೆ ಹೇಳಿದೆ. ಬಾಯಿ ಇರುವುದು ಯಾತಕ್ಕೆ?

ಸುದ್ದಿ ಹೊರಗೆ ಹೋಗಲು ತಡವಾಗಲಿಲ್ಲ. ಹೋಗಲಿ ಎಂದು ನಾನೇ ಅಪ್ಪನ ಕಡೆಯವರಿಗೆಲ್ಲ ಫೋನ್ ಮಾಡಿ ಹೇಳಿದ್ದೆ. ಕನಕಪುರದಲ್ಲಿರುವ ದೊಡ್ಡಪ್ಪನ ಮಗ ಫೋನಿನಲ್ಲೇ ಕೂಗಾಡಿದ: "ನಮ್ ವಂಶುಕ್ಕೇ ಮಸಿ ಬಳಿತಾ ಇದ್ದೀಯ ನೀನು. ನಿಂಗೆ ಕೈ ಬರ್ದೇ ಹೋದ್ರೆ ಮನೇಲಿ ಕೂತ್ಕ."

"ಅಣ್ಣ, ನನ್ನ ಎಷ್ಟಾದರೂ ಬೈಕೊ. ಬೈದಾದ ಮೇಲೆ ಹೋಗಿ ಒಂದು ಇಸಿಜಿ ಮಾಡಿಸ್ಕೊ," ಎಂದೆ. ಅವನು ಫೋನ್ ಕುಕ್ಕಿದ. ಇವತ್ತಿಗೂ ನನ್ನೊಂದಿಗೆ ಮಾತಿಲ್ಲ. ಅವನ ಮಗ ಮಾತ್ರ ಸದ್ದಿಲ್ಲದೆ ಹೋಗಿ ಇಸಿಜಿ ಮಾಡಿಸಿಕೊಂಡ ಎಂದು ಆಮೇಲೆ ತಿಳಿಯಿತು.

ಕಾಲೇಜಿನಲ್ಲೂ ಒಂದು ಯುದ್ಧ ನಡೆಯಿತು. ಪ್ರಿನ್ಸಿಪಾಲರು ಕೆಟ್ಟವರಲ್ಲ. ಕರೆದು ಕೂರಿಸಿ, ಟೀ ತರಿಸಿ, ಮೆಲುದನಿಯಲ್ಲಿ ಹೇಳಿದರು: "ನೀವು ಆಫೀಸ್ ಕೆಲಸ ನೋಡ್ಕೊಳ್ಳಿ ಮೇಡಂ. ಮಾತೂ ಒಸಿ ಮೂಗಿನಲ್ಲಿ ಬರೋ ಹಾಗಾಗಿದೆ. ಹುಡುಗರು ಅಣಕಿಸ್ತಾರೆ. ನಿಮಗ್ಯಾಕೆ ಆ ಮುಜುಗರ?"

"ಮುಜುಗರ ನನಗಾಗಿಲ್ಲ ಸರ್. ನಿಮಗಾಗ್ತಿದೆ," ಎಂದೆ. ಅವರ ಮುಖ ಸಣ್ಣದಾಯಿತು. ಆದರೆ ಆ ವರ್ಷದ ವೇಳಾಪಟ್ಟಿಯಲ್ಲಿ ನನ್ನ ತರಗತಿಗಳು ಇದ್ದಲ್ಲೇ ಇದ್ದವು.

ಮೊದಲ ದಿನವೇ ಹುಡುಗರಿಗೆ ಹೇಳಿಬಿಟ್ಟೆ. ಡಸ್ಟರ್ ಹಿಡಿದು, "ಈಗ ನೋಡಿ, ಇದನ್ನ ನಾನು ಬಿಡೋದಕ್ಕೆ ಎಷ್ಟು ಹೊತ್ತಾಗುತ್ತೆ ಅಂತ," ಎಂದು ಕೈ ಚಾಚಿ ನಿಂತೆ. ಹಿಂದಿನ ಬೆಂಚಿನಿಂದ ಕಿಸಕ್ಕೆಂದವರು ಡಸ್ಟರ್ ಬೀಳುವಷ್ಟರಲ್ಲಿ ಸುಮ್ಮನಾಗಿದ್ದರು. ಮುಂದೆ ಕೂತಿದ್ದ ಹುಡುಗಿಯೊಬ್ಬಳು ಕೇಳಿದಳು, "ನೋವಾಗುತ್ತಾ ಮೇಡಂ?"

"ಇಲ್ಲಮ್ಮ. ಕೋಪ ಬರುತ್ತೆ."

ಆರ್‌ಎನ್‌ಎ ಪಾಠಕ್ಕೆ ಬಂದಾಗ ಐದು ಅಂಕದ ಚಿತ್ರ ಬರೆದು ನಿಲ್ಲಿಸಲಿಲ್ಲ. ಕತ್ತರಿಸುವ, ಜೋಡಿಸುವ ಕೆಲಸ ಒಂದೆಡೆ ತಪ್ಪಿದರೆ ಒಬ್ಬ ಮನುಷ್ಯ ಬದುವಿನ ಮೇಲೆ ನಡೆಯುತ್ತಾ ಹೇಗೆ ಬಿದ್ದುಹೋಗುತ್ತಾನೆ ಎಂಬುದನ್ನೂ ಹೇಳಿದೆ. ಅವತ್ತು ಗಂಟೆ ಹೊಡೆದರೂ ಯಾರೂ ಏಳಲಿಲ್ಲ.

ನನ್ನ ಸ್ಥಿತಿಯನ್ನು ಸಿಹಿ ಮಾಡಿ ಹೇಳಲಾರೆ. ಇದಕ್ಕೆ ಮದ್ದಿಲ್ಲ. ಬಿಗಿ ಸಡಿಲಿಸುವ ಒಂದು ಮಾತ್ರೆ ಇದೆ. ಹೃದಯ ಪರೀಕ್ಷಿಸಿದ ಮೇಲೆಯೇ ಕೊಟ್ಟರು, ಅದರಿಂದ ಸೀಮೆಸುಣ್ಣ ಬೇಗ ಬಿಡುತ್ತದೆ. ಆದರೆ ಕುತ್ತಿಗೆ ಸೋಲುತ್ತಿದೆ. ಮುದ್ದೆ ನುಂಗುವಾಗ ಎಚ್ಚರವಾಗಿರಬೇಕು. ಸಂಜೆಯ ಬಸ್ಸಿನಲ್ಲಿ ಸೀಟು ಬೇಕೇ ಬೇಕು; ಸಿಗದಿದ್ದರೆ ಕೇಳಿ ಪಡೆಯುತ್ತೇನೆ. ಆ ಆರ್‌ಎನ್‌ಎ ಮುದ್ದೆಯನ್ನೇ ಒಡೆಯುವ ಔಷಧಿಗಳ ಪ್ರಯೋಗ ನಡೆದಿದೆಯಂತೆ. ಬಂದರೆ ತೆಗೆದುಕೊಳ್ಳುತ್ತೇನೆ. ಬರುವವರೆಗೆ ಸುಮ್ಮನೆ ಕಾಯುತ್ತ ಕೂರುವುದಿಲ್ಲ, ಅಷ್ಟೇ.

ಲೋಕೇಶ ಪ್ರೆಸ್ ಮೆಷಿನ್ ಬಿಟ್ಟು ಅದೇ ಕಾರ್ಖಾನೆಯ ಸ್ಟೋರ್ಸ್‌ಗೆ ಬದಲಾದ. ನನ್ನ ಮೇಲಿನ ಅವನ ಕೋಪ ಪೂರ್ತಿ ಇಳಿದಿತ್ತೆಂದು ಹೇಳಲಾರೆ. ಆದರೆ ಹೋದ ಯುಗಾದಿಯ ನಂತರ ಒಂದು ದಿನ ಫೋನ್ ಮಾಡಿದ. "ಚನ್ನಪಟ್ಟಣದ ಕಡೆಯೋರು ಚಂದನನ್ನ ನೋಡಕ್ಕೆ ಬತ್ತಾವ್ರೆ. ನೀನೂ ಬಾ ಅಕ್ಕ."

ನೆಂಟರೆಲ್ಲ ನನ್ನನ್ನು ದೂರವಿಡಲು ಹೇಳಿದ್ದರಂತೆ. ಹೋದೆ. ಬಾಯಿ ತೆರೆಯಬಾರದೆಂದು ತೀರ್ಮಾನಿಸಿಕೊಂಡೇ ಹೋದೆ. ಅದು ಅವರ ಮಗಳ ಬದುಕು, ನನ್ನದಲ್ಲ. ಚಂದನ ಆಗಲೇ ಡಾಕ್ಟರ ಹತ್ತಿರ ಒಬ್ಬಳೇ ಹೋಗಿ ಮಾತಾಡಿ ಬಂದಿದ್ದಳು. ಪರೀಕ್ಷೆ ಮಾಡಿಸಿಕೊಳ್ಳುವುದೋ ಬೇಡವೋ ಎಂಬುದನ್ನು ತನಗೆ ಬೇಕೆನಿಸಿದಾಗ ನಿರ್ಧರಿಸುತ್ತೇನೆಂದು ಮನೆಯಲ್ಲಿ ಹೇಳಿದ್ದಳು.

ಬಂದವರು ಸಜ್ಜನರು. ಕೇಸರಿಬಾತು, ಉಪ್ಪಿಟ್ಟು ಆಯಿತು. ಹುಡುಗ ಹುಡುಗಿ ಮಾತಾಡಿಕೊಂಡು ಬಂದರು. ಕಾಫಿ ಕುಡಿಯುತ್ತಾ ಹುಡುಗನ ಸೋದರಮಾವ ಮಾತಿಗೆಂದು ಕೇಳಿದರು, "ಯಜಮಾನ್ರು ಒಸಿ ಸೊರಗಿದಂಗವ್ರೆ. ಆರಾಮಿಲ್ವಾ?"

ಲೋಕೇಶ ಲೋಟ ಕೆಳಗಿಟ್ಟ. ಅಂಗಿಯ ಮೇಲಿನ ಗುಂಡಿ ಬಿಚ್ಚತೊಡಗಿದ. ಗುಂಡಿ ಬಿಚ್ಚಲು ಹೊತ್ತು ಹಿಡಿಯಿತು. ಎಲ್ಲರೂ ನೋಡುತ್ತಾ ಕೂತರು. ಕೊರಳೆಲುಬಿನ ಕೆಳಗೆ ಚರ್ಮದಡಿ ಉಬ್ಬಿದ್ದ ಯಂತ್ರ ತೋರಿಸಿದ.

"ಇದು ಇಲ್ದಿದ್ರೆ ನಾನು ಇರ್ತಿರ್ಲಿಲ್ಲ. ಇದೊಂದು ಕಾಯ್ಲೆ, ನಮ್ ಮನೇಲಿ ಬಂದಿರೋದು. ನಮ್ಮಪ್ಪಂಗಿತ್ತು, ನಂಗೈತೆ, ನಮ್ಮಕ್ಕಂಗೈತೆ. ಮಗಳಿಗೆ ಇರ್ಬೋದು, ಇಲ್ದೇನೂ ಇರ್ಬೋದು. ಪರೀಕ್ಷೆ ಮಾಡ್ಸೋದು ಬುಡೋದು ಅವಳಿಷ್ಟ."

ಸೋದರಮಾವ ಅತ್ತಿತ್ತ ನೋಡಿ ಹೇಳಿದರು: "ಅಲ್ಲಾ ಸ್ವಾಮಿ, ನೀವು ಯೋಳ್ದೇ ಇದ್ದಿದ್ರೆ ನಮ್ಗೆ ಗೊತ್ತೇ ಆಯ್ತಿರ್ಲಿಲ್ವಲ್ಲ."

"ಅದಕ್ಕೇ ಯೋಳಿದ್ದು," ಎಂದ ಲೋಕೇಶ.

ಅವರು ಮರ್ಯಾದೆಯಿಂದಲೇ ಎದ್ದು ಹೋದರು. ತಿಳಿಸ್ತೀವಿ ಎಂದರು. ತಿಳಿಸಲಿಲ್ಲ, ತಿಳಿಸುವುದಿಲ್ಲವೆಂದು ಅವತ್ತೇ ನಮಗೆಲ್ಲ ಗೊತ್ತಿತ್ತು. ಲೋಕೇಶ ತಲೆ ಬಗ್ಗಿಸಿ, ಗುಂಡಿ ಹಾಕಿಕೊಳ್ಳಲು ಒದ್ದಾಡುತ್ತಿದ್ದ.

ಚಂದನ ಒಳಗಿನಿಂದ ಮಿಕ್ಕಿದ್ದ ಕೇಸರಿಬಾತಿನ ತಟ್ಟೆ ಹಿಡಿದು ಬಂದು, ನಮ್ಮಿಬ್ಬರ ನಡುವೆ ಚಾಪೆಯ ಮೇಲೆ ಕೂತಳು. ಒಂದು ತುತ್ತು ಬಾಯಿಗಿಟ್ಟುಕೊಂಡು ಅಪ್ಪನ ಅಂಗಿಯ ಗುಂಡಿ ಹಾಕಿದಳು.

"ಅಪ್ಪ, ಮುಂದೆ ಬರೋರಿಗೆ ನಾನೇ ಹೇಳ್ತೀನಿ," ಎಂದಳು. "ನೀನು ಪ್ರತಿ ಸಲ ಅಂಗಿ ಬಿಚ್ಚೋದು ಬ್ಯಾಡ."